ರೊಟ್ಟಿ ಕೆಲಸವನ್ನು ಮನೆಯಿಂದ ಶೆಡ್ಡಿಗೆ ಒಯ್ಯುವ ಮುನ್ನ

ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದೀರಿ. ಅಡುಗೆಮನೆ ಸಾಲುತ್ತಿಲ್ಲ, ಈಗ ಶೆಡ್ ಬಾಡಿಗೆಗೆ ಹಿಡಿಯಬಹುದೇ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಇದೇ ಕೆಲಸವನ್ನು ಆರು ವರ್ಷ ಮನೆಯಲ್ಲಿ ನಡೆಸಿ ಆಮೇಲೆ ಹೊರಗೆ ಹೋದವಳು ನಾನು.

ನಿಮಗೆ ಜಾಗ ಸಾಲದಿರುವುದು ಯಾವುದಕ್ಕೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಬೇಯಿಸಲು ಜಾಗವಿಲ್ಲವೆಂದು ನಾನು ಬಹಳ ದಿನ ತಿಳಿದಿದ್ದೆ. ನಿಜವಾಗಿ ಇಲ್ಲದಿದ್ದದ್ದು ರೊಟ್ಟಿ ಆರಹಾಕುವ ಜಾಗ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಪಡಸಾಲೆ, ಮಂಚ, ಕೊನೆಗೆ ಮಗನ ಓದುವ ಮೇಜಿನ ಮೇಲೂ ಪಂಚೆ ಹಾಸಿ ರೊಟ್ಟಿ ಹರವುತ್ತಿದ್ದೆವು, ಆದರೂ ತೇವ ಪೂರ್ತಿ ಹೋಗುವ ಮೊದಲೇ ಅವಸರದಲ್ಲಿ ಕಟ್ಟಿದ ಪೊಟ್ಟಣಗಳಲ್ಲಿ ಬೂಷ್ಟು ಬಂದು ಒಂದು ಮದುವೆಯ ಆರ್ಡರ್ ಇಡಿಯಾಗಿ ಹಿಂದಿರುಗಿತು. ಪಕ್ಕದ ಮನೆಯ ಖಾಲಿ ಕೋಣೆಯೊಂದನ್ನು ತಿಂಗಳಿಗೆ 1,500 ರೂಪಾಯಿಗೆ ಪಡೆದು, ಜಾಳಿಗೆಯ ಸ್ಟ್ಯಾಂಡು ಮತ್ತು ಫ್ಯಾನು ಹಾಕಿಸಿದ ಮೇಲೆ ಇನ್ನೂ ಒಂದೂವರೆ ವರ್ಷ ಮನೆಯಲ್ಲೇ ಕೆಲಸ ಸಾಗಿತು.

ಬಾಡಿಗೆಯನ್ನು ರೂಪಾಯಿಯಲ್ಲಲ್ಲ, ರೊಟ್ಟಿಯಲ್ಲಿ ಎಣಿಸಿ. ನನ್ನ ಶೆಡ್ಡಿನ ಬಾಡಿಗೆ 9,000. ಹಿಟ್ಟು, ಗ್ಯಾಸು, ಕೂಲಿ ಕಳೆದು ಒಂದು ರೊಟ್ಟಿಗೆ ಉಳಿಯುತ್ತಿದ್ದದ್ದು ಒಂದೂವರೆ ರೂಪಾಯಿ. ಅಂದರೆ ತಿಂಗಳಿಗೆ 6,000 ರೊಟ್ಟಿ, 25 ದಿನದ ಕೆಲಸವೆಂದರೆ ದಿನಕ್ಕೆ 240 ರೊಟ್ಟಿ ಮಾಲೀಕರ ಪಾಲು. ಈಗ ಮಾಡುತ್ತಿರುವುದಕ್ಕಿಂತ ಅಷ್ಟು ಹೆಚ್ಚು ಮಾರುವ ಅಂಗಡಿಗಳು ಖಚಿತವಾಗುವವರೆಗೆ ಮುಂಗಡ ಕೊಡಬೇಡಿ.

ಶೆಡ್ಡಿನ ಮೀಟರು ಯಾವ ಬಳಕೆಯದೆಂದು ಬಿಲ್ಲು ತರಿಸಿ ನೋಡಿ. ನಾನು ನೋಡಲಿಲ್ಲ, ಗೃಹಬಳಕೆಯ ಸಂಪರ್ಕದಲ್ಲಿ ಹಿಟ್ಟು ನಾದುವ ಯಂತ್ರ ಓಡಿಸಿದ್ದಕ್ಕೆ ದಂಡ ಕಟ್ಟಿದೆ. ಮನೆಯ 14.2 ಕಿಲೋ ಸಿಲಿಂಡರನ್ನೂ ಅಲ್ಲಿ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಆಹಾರ ಸುರಕ್ಷತಾ ನೋಂದಣಿ ವಿಳಾಸಕ್ಕೆ ಅಂಟಿಕೊಂಡಿರುವುದರಿಂದ ಹೊಸ ಜಾಗಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಪೊಟ್ಟಣದ ಮೇಲಿನ 14 ಅಂಕಿಯ ಸಂಖ್ಯೆಯೂ ಬದಲಾಗುತ್ತದೆ. ಹಳೆಯ ಸಂಖ್ಯೆ ಅಚ್ಚಾದ ನಾಲ್ಕು ಸಾವಿರ ಪೌಚುಗಳು ನಮ್ಮ ಅಟ್ಟದಲ್ಲಿ ಇಂದಿಗೂ ಇವೆ.

ಯಂತ್ರಕ್ಕೆ ನಾನು ಸಾಲ ಪಡೆದದ್ದು 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ. ಆಗ ಯೋಜನೆಯ ಶೇ. 35ರ ಜೊತೆಗೆ ರಾಜ್ಯ ಸರ್ಕಾರ ಶೇ. 15 ಸಹಾಯಧನ ಸೇರಿಸುತ್ತಿತ್ತು. ಕೈಯಿಂದ ಶೇ. 10 ಹಾಕಬೇಕಿತ್ತು, ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿರಲಿಲ್ಲ. ಸಹಾಯಧನವೆಂದರೆ ಕೈಗೆ ಬರುವ ದುಡ್ಡೆಂದು ನಂಬಿದವರನ್ನು ಕಂಡಿದ್ದೇನೆ. ಅದು ಬ್ಯಾಂಕಿನಲ್ಲೇ ಉಳಿದು, ಕಂತು ತಪ್ಪದಿದ್ದರೆ ಮೂರು ವರ್ಷದ ನಂತರ ಸಾಲಕ್ಕೆ ಜಮೆಯಾಗುತ್ತದೆ.

ನಾನು ಲೆಕ್ಕಕ್ಕೇ ಹಿಡಿಯದಿದ್ದದ್ದು ದೂರವನ್ನು. ಮನೆಗೆಲಸದ ನಡುವೆ ಎರಡು ತಾಸು ಬಂದು ರೊಟ್ಟಿ ಬಡಿದು ಹೋಗುತ್ತಿದ್ದ ಐವರಲ್ಲಿ ಇಬ್ಬರು, ಶೆಡ್ಡು ಮೂರು ಕಿಲೋಮೀಟರ್ ಆಚೆ ಎಂದ ಕೂಡಲೇ ಬಿಟ್ಟರು. ಅಂಥ ಕೈಗಳು ಮತ್ತೆ ಸುಲಭಕ್ಕೆ ಸಿಗಲಿಲ್ಲ. ಜಾಗ ನೋಡುವಾಗ ಅವರನ್ನೂ ಕರೆದೊಯ್ಯಿರಿ. ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ, ನಾಲ್ಕು ಖಡಕ್ ರೊಟ್ಟಿಗಳನ್ನು ರಾತ್ರಿಯಿಡೀ ಅಲ್ಲಿ ತೆರೆದಿಟ್ಟು ಬೆಳಗ್ಗೆ ಮುರಿದು ನೋಡಿ. ಚಟ್ಟೆಂದು ಮುರಿಯದೆ ಬಾಗಿದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಆ ಶೆಡ್ಡು ಬೇಡ.