ಆ ಹುಡುಗನ ಬಾಯಿಂದ ಅಮ್ಮನ ಸಂಕಟ ಕೇಳಬೇಡಿ

"ಮೇಡಂ, ನನಗೆ 34 ವರ್ಷ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಭಾನುವಾರಗಳಲ್ಲಿ ಒಂದು ಸಂಸ್ಥೆಯ ಜೊತೆ ಊರಂಚಿನ ಗುಜರಿ ಶೆಡ್‌ಗಳ ಪಕ್ಕ ಇರುವ ರೋಹಿಂಗ್ಯಾ ನಿರಾಶ್ರಿತರ ಆರೋಗ್ಯ ತಪಾಸಣೆಗೆ ಹೋಗ್ತೀನಿ. ಹೋದ ತಿಂಗಳು ಒಬ್ಬ ತಾಯಿ ಬಂದಿದ್ದರು, ಮಡಿಲಲ್ಲಿ ಏಳು ತಿಂಗಳ ಕೂಸು. ಅವರ ಭಾಷೆ ನಮಗ್ಯಾರಿಗೂ ಬರಲ್ಲ. ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು ಓದುವ ಮಗನೇ ಕನ್ನಡದಲ್ಲಿ ಹೇಳುತ್ತಿದ್ದ. ನಿದ್ದೆ ಬರುತ್ತಾ, ಮನಸ್ಸಿಗೆ ಬೇಜಾರಿದೆಯಾ ಅಂತ ಕೇಳಿದಾಗ ಅಮ್ಮನ ಕಡೆ ತಿರುಗಿಯೂ ನೋಡದೆ 'ಎಲ್ಲ ಚೆನ್ನಾಗಿದೆ ಮಿಸ್' ಅಂದುಬಿಟ್ಟ. ನಾನು ಹಾಗೇ ಬರೆದುಕೊಂಡೆ. ಹೊರಡುವಾಗ ಗಾಡಿ ಹತ್ತಿರ ಓಡಿ ಬಂದು, 'ಅಮ್ಮ ರಾತ್ರಿ ಮಲಗಲ್ಲ ಮಿಸ್, ಕೂತ್ಕೊಂಡು ಅಳ್ತಾಳೆ. ಬರೀಬೇಡಿ. ಬರೆದ್ರೆ ನಮ್ಮನ್ನ ವಾಪಸ್ ಕಳಿಸಿಬಿಡ್ತಾರೆ' ಅಂದ. ಬರೆಯಲ್ಲ ಅಂತ ಮಾತು ಕೊಟ್ಟೆ. ಹೇಳಿದರೆ ಆ ಮಗುವಿಗೆ ದ್ರೋಹ. ಹೇಳದೆ ಇದ್ದು ಆ ತಾಯಿಗೆ ಏನಾದರೂ ಆದರೆ? ಮನೆಯವರು 'ನಿನಗ್ಯಾಕೆ ಊರ ಉಸಾಬರಿ' ಅಂತಾರೆ. ನನಗೂ ನಿದ್ದೆ ಇಲ್ಲ."

— ಹೆಸರು ಬೇಡ, ಬೆಂಗಳೂರು

ತಂಗೀ, ನಿಮ್ಮ ಪತ್ರ ಓದಿ ನಾನು ಸುಮಾರು ಹೊತ್ತು ಸುಮ್ಮನೆ ಕೂತುಬಿಟ್ಟೆ. ಆ ಹುಡುಗ ನಿಂತ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ. ನಮ್ಮಮ್ಮನಿಗೆ ತುಳು ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಬೆಂಗಳೂರಿಗೆ ಬಂದ ಹೊಸತು, ನನಗೆ ಹದಿಮೂರು. ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನನ್ನು ಬಿಟ್ಟು ನನ್ನ ಮುಖ ನೋಡಿ, "ಗರ್ಭಕೋಶ ತೆಗೀಬೇಕು, ಅಮ್ಮನಿಗೆ ಹೇಳು" ಅಂದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ, ನನ್ನ ಬಾಯಿಂದ ಏನು ಬರುತ್ತದೋ ಅಂತ ಕಾಯುತ್ತಿದ್ದಳು. "ಸಣ್ಣ ಗಡ್ಡೆಯಂತೆ, ಮಾತ್ರೆಯಲ್ಲೇ ಕರಗುತ್ತಂತೆ" ಅಂದೆ. ಆ ಸುಳ್ಳನ್ನು ಹೊತ್ತುಕೊಂಡು ಆರು ತಿಂಗಳು ಶಾಲೆಗೆ ಹೋದೆ. ಅಮ್ಮನ ಹೊಟ್ಟೆನೋವು ಜಾಸ್ತಿಯಾದಾಗಲೆಲ್ಲ ಅದು ನನ್ನದೇ ತಪ್ಪು ಅನ್ನಿಸುತ್ತಿತ್ತು. ಅಮ್ಮನನ್ನು ಕಾಪಾಡಬೇಕು ಅಂತ ಹೇಳಿದ ಸುಳ್ಳು ಅದು. ಆ ಹುಡುಗನದೂ ಅದೇ.

ಹಾಗಾಗಿ ನಿಮ್ಮ ಫಾರಂನಲ್ಲಿರುವ "ಎಲ್ಲ ಚೆನ್ನಾಗಿದೆ" ಆ ತಾಯಿಯ ಉತ್ತರವೇ ಅಲ್ಲ. ಅವರನ್ನು ಇನ್ನೂ ಯಾರೂ ಕೇಳಿಲ್ಲ. ಆ ಸಾಲು ಹೊಡೆದುಹಾಕಿ, "ದುಭಾಷಿ ಇರಲಿಲ್ಲ, ಮತ್ತೆ ಕೇಳಬೇಕು" ಅಂತ ಬರೆಯಿರಿ. ಇದರಲ್ಲಿ ತಪ್ಪು ನಿಮ್ಮೊಬ್ಬರದಲ್ಲ. ದುಭಾಷಿಯನ್ನು ಗೊತ್ತುಮಾಡದೆ ಕ್ಯಾಂಪ್ ಇಟ್ಟವರದೂ ಹೌದು. ನಿರಾಶ್ರಿತರು ಬಂದು 30ರಿಂದ 90 ದಿನದೊಳಗೆ ತಪಾಸಣೆ ಮಾಡುವ ಪದ್ಧತಿ ಅಮೆರಿಕದಲ್ಲಿದೆ. ಪ್ರಾಣಕ್ಕೆ ಅಪಾಯವಿರುವ ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ದುಭಾಷಿಯಾಗಿ ಬಳಸಕೂಡದು ಅಂತ ಅಲ್ಲಿ 2016ರಲ್ಲಿ ನಿಯಮವೇ ಬಂತು. ನಮ್ಮಲ್ಲಿ ನಿಯಮಕ್ಕೆ ಕಾಯುವುದು ಬೇಡ, ನಿಮ್ಮ ತಂಡದಲ್ಲಿ ನೀವೇ ಶುರುಮಾಡಿ.

ಮಾತು ಕೊಟ್ಟಿದ್ದೀರಲ್ಲ, ಅದನ್ನು ಮುರಿಯಬೇಡಿ. ಮುರಿಯಬೇಕಾಗಿಯೂ ಇಲ್ಲ. ಅವನು ಹೇಳಿದ್ದನ್ನು ಎಲ್ಲೂ ಬರೆಯಬೇಡಿ, ಅಮ್ಮನ ಹತ್ತಿರವೂ ಬಾಯಿ ಬಿಡಬೇಡಿ. ಅವನನ್ನು ಪಕ್ಕಕ್ಕೆ ಕರೆದು, "ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಅಮ್ಮನನ್ನು ನಾನು ಹೊಸದಾಗಿ ಕೇಳ್ತೀನಿ, ಹೇಳೋದು ಬಿಡೋದು ಅವರಿಷ್ಟ. ಇನ್ಮೇಲೆ ನೀನು ಮಾತು ತಿರುಗಿಸಿ ಹೇಳೋದು ಬೇಡ" ಅನ್ನಿ. ಈ ಕೊನೆಯ ಮಾತು ಕೇಳಿದರೆ ಅವನಿಗೆ ಎಷ್ಟು ಹಗುರವಾಗುತ್ತದೆ ಅನ್ನುವುದು ನನಗೆ ಗೊತ್ತು.

"ವಾಪಸ್ ಕಳಿಸಿಬಿಡ್ತಾರೆ" ಅಂದನಲ್ಲ, ಅದನ್ನು ಮಗುವಿನ ಮಾತು ಅಂತ ತಳ್ಳಿಹಾಕಬೇಡಿ. ಮ್ಯಾನ್ಮಾರಿನ 1982ರ ಪೌರತ್ವ ಕಾಯ್ದೆ ರೋಹಿಂಗ್ಯಾಗಳನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 2017ರ ಆಗಸ್ಟ್‌ನಿಂದಾಚೆಗೆ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿಬಂದರು. ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ವಾಪಸ್ ಕಳಿಸಬಾರದು ಅನ್ನುವ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2018ರ ಅಕ್ಟೋಬರ್‌ನಲ್ಲಿ ಅಸ್ಸಾಮಿನಿಂದ ಏಳು ಮಂದಿಯನ್ನು ಮ್ಯಾನ್ಮಾರಿಗೆ ಕಳಿಸಿದ್ದೂ ಉಂಟು. ಇಂಥ ಸುದ್ದಿ ಆ ಶೆಡ್‌ಗಳಲ್ಲಿ ಮಕ್ಕಳ ಕಿವಿಗೆ ಬೀಳದೆ ಇರುತ್ತದೆಯೇ? ಆದ್ದರಿಂದ ಮತ್ತೆ ಹೋಗುವ ಮುಂಚೆ ನಿಮ್ಮ ಸಂಸ್ಥೆಯವರನ್ನು ಕೂರಿಸಿಕೊಂಡು ಕೇಳಿ: ಈ ಫಾರಂ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಹೆಸರು ವಿಳಾಸ ಯಾಕೆ ಬೇಕು? ನೇರ ಉತ್ತರ ಸಿಗದಿದ್ದರೆ ಹೆಸರಿನ ಬದಲು ನಂಬರ್ ಹಾಕಿ. ಮಾನಸಿಕ ತೊಂದರೆಯ ವಿವರ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅದನ್ನು ಆ ತಾಯಿಗೂ ತಿಳಿಸಿ.

ದುಭಾಷಿಯ ವಿಷಯ. ಹೆಂಗಸಾಗಿರಲಿ, ಅದೇ ಶೆಡ್ಡಿನವರು ಬೇಡ. ನಾಲ್ಕು ಹೆಜ್ಜೆ ದೂರದಲ್ಲಿರುವವರ ಮುಂದೆ ಯಾರು ತಾನೇ ಮನಸ್ಸು ಬಿಚ್ಚುತ್ತಾರೆ? ಬೇರೆ ಊರಿನಲ್ಲಿರುವ ರೋಹಿಂಗ್ಯಾ ಹೆಂಗಸು ಫೋನ್ ಸ್ಪೀಕರ್‌ನಲ್ಲಿ ಸಿಕ್ಕರೂ ಸಾಕು, ಈ ತಾಯಿಯ ಹೆಸರನ್ನು ಆಕೆಗೆ ಹೇಳುವುದು ಬೇಡ. ಬಂಗಾಳಿ ಬಲ್ಲವರು ಸಿಕ್ಕರಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ರೋಹಿಂಗ್ಯಾ ಭಾಷೆ ಚಿತ್ತಗಾಂಗ್ ಕಡೆಯ ಮಾತಿಗೆ ಹತ್ತಿರ. ಕೋಲ್ಕತ್ತದ ಬಂಗಾಳಿಯಲ್ಲಿ ಕೇಳಿದರೆ ನಮ್ಮಮ್ಮನನ್ನು ಕನ್ನಡದಲ್ಲಿ ಕೇಳಿದ ಹಾಗಾಗುತ್ತದೆ. ತಲೆ ಅಲ್ಲಾಡಿಸುತ್ತಾರೆ, ಅರ್ಥ ಆಗಿರುವುದಿಲ್ಲ. ನೀವು ಮಾತಾಡುವಾಗ ಫೋನಿನ ಕಡೆ ಅಲ್ಲ, ಆ ತಾಯಿಯ ಕಡೆ ನೋಡಿ ಮಾತಾಡಿ.

"ಬೇಜಾರಿದೆಯಾ" ಅಂತ ಶುರುಮಾಡಬೇಡಿ. ಸಿಯಾಟಲ್‌ನಲ್ಲಿ ನಿರಾಶ್ರಿತರಿಗೆಂದೇ ತಯಾರಾದ 15 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಮೊದಲ ಪ್ರಶ್ನೆ ಮೈ, ಮೂಳೆ, ಕೀಲು ನೋವಿನದು. ಆಮೇಲೆ ಬೇಸರ, ತಲೆ ತುಂಬ ಯೋಚನೆ, ಹೀಗೆ ಒಂದೊಂದೇ ಬರುತ್ತವೆ. ಕೊನೆಯಲ್ಲಿ ಸೊನ್ನೆಯಿಂದ ಹತ್ತರವರೆಗಿನ ಥರ್ಮಾಮೀಟರ್ ಚಿತ್ರ. ಓದು ಬರಹ ಬರದವರೂ ಸಂಕಟ ಎಲ್ಲಿಯವರೆಗೆ ಏರಿದೆ ಅಂತ ಬೆರಳಿಟ್ಟು ತೋರಿಸಬಹುದು. ನಮ್ಮ ಅಜ್ಜಿಯಂದಿರು "ಮನಸ್ಸು ಸರಿ ಇಲ್ಲ" ಅಂತ ಎಂದಾದರೂ ಹೇಳಿದ್ದರೇ? "ಎದೆ ಭಾರ, ಕೈಕಾಲು ಸೋತುಹೋಗಿದೆ" ಅನ್ನುತ್ತಿದ್ದರು. ಆ ಬಾಗಿಲಿಂದಲೇ ಒಳಗೆ ಹೋಗಿ.

ಸಾಯಬೇಕು ಅನ್ನಿಸುತ್ತದಾ, ಕೂಸಿಗೆ ಏನಾದರೂ ಮಾಡಿಬಿಡುತ್ತೀನಿ ಅನ್ನೋ ಭಯ ಇದೆಯಾ ಅಂತ ಬಿಡಿಸಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವತ್ತೇ, ಒಬ್ಬರನ್ನೇ ಬಿಡದೆ, ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ತಾಯಿ ಮತ್ತು ಕೂಸನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ 2009ರಿಂದಲೇ ಇದೆ. ಪ್ರಾಣದ ವಿಷಯ ಬಂದಾಗ ಗುಟ್ಟು ಕಾಯಲು ಆಗುವುದಿಲ್ಲ. ಇದನ್ನು ಮಾತು ಶುರುಮಾಡುವ ಮುಂಚೆಯೇ ಅವರಿಗೆ ಹೇಳಿಬಿಡಿ, ಆಮೇಲೆ ಮೋಸ ಅನ್ನಿಸಬಾರದು. ಅಷ್ಟು ತೀವ್ರವಲ್ಲದಿದ್ದರೂ ಹೆರಿಗೆಯಾಗಿ ಏಳೇ ತಿಂಗಳಾಗಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮೂರನ್ನೂ ನೋಡಿಸಿ. ನೇಪಾಳದ ಶಿಬಿರಗಳಿಂದ ಅಮೆರಿಕಕ್ಕೆ ಹೋದ ಭೂತಾನದ ನಿರಾಶ್ರಿತರಲ್ಲಿ ಬಿ12 ಕೊರತೆ ಬಹಳ ಕಂಡುಬಂದಿತ್ತು. ಮಾಂಸ, ಮೊಟ್ಟೆ, ಹಾಲು ಕಡಿಮೆ ಇದ್ದ ಊಟ ಕಾರಣ. ಜೋಮು, ಸುಸ್ತು, ಮಂಕು ಎಲ್ಲ ಅದರಿಂದಲೂ ಬರುತ್ತದೆ.

ಇನ್ನೊಂದು, ನೀವು ಕೇಳದ ವಿಷಯ. ಗುಜರಿ ಶೆಡ್ ಅಂದಿರಿ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುತ್ತಾರಾ, ಹಳೆಯ ಬ್ಯಾಟರಿ ಒಡೆಯುತ್ತಾರಾ ಅಂತ ಕಣ್ಣಾರೆ ನೋಡಿ ಬನ್ನಿ. ಅದರಿಂದ ಸೀಸ ಮಕ್ಕಳ ಮೈಸೇರಬಹುದು. 2000ದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ಹೋದ ಸುಡಾನಿನ ನಿರಾಶ್ರಿತ ಕುಟುಂಬವೊಂದರ ಎರಡು ವರ್ಷದ ಹೆಣ್ಣುಮಗು, ಕೆಲವೇ ವಾರಗಳಲ್ಲಿ ಸೀಸದ ವಿಷದಿಂದ ತೀರಿಕೊಂಡಿತು. ಆ ವಿಷ ಹುಟ್ಟಿದೂರಿನದಲ್ಲ, ಆಸರೆ ಅಂತ ಕೊಟ್ಟ ಹಳೆಯ ಮನೆಯ ಬಣ್ಣದ್ದು. ಅದಕ್ಕೇ ಅಲ್ಲಿ ಪುಟ್ಟ ಮಕ್ಕಳ ರಕ್ತದಲ್ಲಿ ಸೀಸ ಇದೆಯಾ ಅಂತ ಬಂದಾಗೊಮ್ಮೆ, ಮೂರರಿಂದ ಆರು ತಿಂಗಳಿಗೆ ಇನ್ನೊಮ್ಮೆ ನೋಡುತ್ತಾರೆ. ಒಂದೇ ಭಾನುವಾರದ ಫಾರಂ ನಂಬಿ ಕೂರಬೇಡಿ. ಸೀಸದ ವಿಷದ ಬಗ್ಗೆ ದಶಕಗಳ ಕಾಲ ದುಡಿದ ಡಾ. ತುಪ್ಪಿಲ್ ವೆಂಕಟೇಶ್ ಅವರ ಕೆಲಸ ನಡೆದದ್ದು ನಮ್ಮೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ಕೂಸಿನ ಜೊತೆ ಆ ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸಿ.

ಮನೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ನೀವು ನಿದ್ದೆಗೆಟ್ಟಿರುವುದು ನೋಡಿ ಹಾಗೆ ಅಂದಿದ್ದಾರೆ. ನಿಮಗೇ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹುಡುಗ ನಿಮಗೆ ಹೇಳಿ ಆಗಲೇ ಒಂದು ತಿಂಗಳಾಗಿದೆ. ಭಾನುವಾರದವರೆಗೆ ಕಾಯಬೇಡಿ, ಈ ವಾರವೇ ಹೋಗಿ. ಅವನು ಶಾಲೆಯಲ್ಲಿರುವ ಹೊತ್ತು ನೋಡಿಕೊಂಡು ಹೋಗಿ.