ಮಳೆ ಲೆಕ್ಕ ಮೊದಲು ಕಾಪಿ ಮಾಡಿ, ರಿಪೇರಿ ಆಮೇಲೆ

ಪ್ರಶ್ನೆ: ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮ ಕಾಫಿ ತೋಟ. ಚೆಕ್‌ರೋಲ್ (ಕೆಲಸಗಾರರ ಹಾಜರಿ-ಕೂಲಿ ಲೆಕ್ಕ), ಕಾಫಿ ಮತ್ತು ಕರಿಮೆಣಸು ಮಾರಿದ ಲೆಕ್ಕ, ಅಪ್ಪ 1974ರಿಂದ ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಟ್ಟ ಮಳೆ ಲೆಕ್ಕ, ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿದೆ. ಅಪ್ಪನ ಪುಸ್ತಕಗಳನ್ನು ಗೆದ್ದಲು ತಿಂದುಬಿಟ್ಟಿದೆ. ಕಂಪ್ಯೂಟರಿಗೆ 9 ವರ್ಷ. ಈಗ ಆನ್ ಆಗಲು ಕಾಲು ಗಂಟೆ ಬೇಕು. ಮಳೆ ಫೈಲ್ ತೆರೆದರೆ ಒಳಗೆ ಟಕ್ ಟಕ್ ಸದ್ದು, ಪರದೆ ಹಾಗೇ ನಿಂತುಬಿಡುತ್ತದೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ವೈರಸ್ ಅನ್ನುತ್ತಾರೆ. ಬೆಂಗಳೂರಿನ ಮಗ ಫಾರ್ಮ್ಯಾಟ್ ಮಾಡಿಸಿ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ. ಫೈಲುಗಳೆಲ್ಲ ಇರುವ ಹಾರ್ಡ್ ಡಿಸ್ಕಿಗೇ ಕಾಯಿಲೆ ಅಂತ ನನ್ನ ಅನುಮಾನ. ಈ ಸಂಚಿಕೆ ಕೈಗೆ ಬಂದಾಗ ಕಂಪ್ಯೂಟರ್ ಆನ್ ಇದ್ದರೆ ಆಫ್ ಮಾಡಿ. ಮೊದಲು ಪೇಟೆಗೆ ಹೋಗಿ ಒಂದು ಪೆನ್‌ಡ್ರೈವ್ ತನ್ನಿ.

ಆಮೇಲೆ ಒಂದೇ ಸಲ ಆನ್ ಮಾಡಿ. ಮಳೆ ಫೈಲನ್ನು ತೆರೆಯಲು ಹೋಗಬೇಡಿ, ಸುಮ್ನೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿಯೇ ಆಗಬೇಕು. ಐವತ್ತು ವರ್ಷದ ಮಳೆ ಆದರೂ ಎಕ್ಸೆಲ್ ಫೈಲ್ ಒಂದು ಫೋಟೋದಷ್ಟೂ ಇರುವುದಿಲ್ಲ. ಅದು ಬಂದರೆ ಚೆಕ್‌ರೋಲ್, ಆಮೇಲೆ ಮಾರಾಟದ ಲೆಕ್ಕ. ಫೋಟೋ, ವಿಡಿಯೋ ಕೊನೆಗೆ. ಯಾವುದಾದರೂ ಫೈಲ್ ಹತ್ತು ನಿಮಿಷ ಅಲ್ಲೇ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಕಾಯಿಲೆ ಬಿದ್ದ ಡಿಸ್ಕ್ ಇನ್ನೆಷ್ಟು ಹೊತ್ತು ಓದುತ್ತದೋ ಯಾರೂ ಹೇಳಲಾರರು. ಆ ಹೊತ್ತನ್ನು ಅಪ್ಪನ ಮಳೆ ಲೆಕ್ಕಕ್ಕೇ ಕೊಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ವಿರಾಜಪೇಟೆಯಲ್ಲಿ ನಾನು ಅಂಗಡಿ ತೆರೆದ ಎರಡನೇ ವರ್ಷ, 2009ರ ಮಳೆಗಾಲ. ನಿವೃತ್ತ ಮೇಷ್ಟ್ರೊಬ್ಬರು ಇಂಥದ್ದೇ ಕಂಪ್ಯೂಟರ್ ತಂದಿದ್ದರು. ಮಗಳ ಮದುವೆಯ ಫೋಟೋಗಳು ಅದರಲ್ಲಿದ್ದವು. ನಾನು ಕಾಪಿ ತೆಗೆಯದೆ ರಾತ್ರಿಯಿಡೀ ಚೆಕ್‌ಡಿಸ್ಕ್ ಓಡಿಸಿದೆ. ಡಿಸ್ಕಿನ ಮೂಲೆ ಮೂಲೆ ಓದಿ, ಕೆಟ್ಟ ಜಾಗ ಗುರುತು ಹಾಕಿ, ಫೈಲುಗಳ ಪಟ್ಟಿಯನ್ನೇ ತಿದ್ದುವ ಕೆಲಸ ಅದು. ಬೆಳಿಗ್ಗೆ ಬಂದಾಗ ಡಿಸ್ಕ್ ಬರೀ ಟಕ್ ಟಕ್ ಅನ್ನುತ್ತಿತ್ತು. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬಾಗಿಲಲ್ಲಿ ನಿಂತು ಕೊಡೆ ಬಿಡಿಸಿದರು, ಹೋದರು. ಅವತ್ತಿನಿಂದ ಕಾಪಿ ಆಗದ ಡಿಸ್ಕಿಗೆ ನಾನು ಯಾವ ರಿಪೇರಿಯನ್ನೂ ಮಾಡಿಲ್ಲ. ಆನ್ ಮಾಡಿದಾಗ ವಿಂಡೋಸ್ ತಾನೇ ಚೆಕ್‌ಡಿಸ್ಕ್ ಶುರು ಮಾಡಲು ಹೊರಟರೆ ಕೂಡಲೇ ಒಂದು ಕೀ ಒತ್ತಿ ನಿಲ್ಲಿಸಿ.

ಈಗ ಕಾಯಿಲೆಯ ವಿಷಯ. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದನ್ನು ಮುಟ್ಟುವುದಿಲ್ಲ. ಕೂದಲ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಒಂದು ಜಾಗ ಓದಲು ಬರದಿದ್ದರೆ ಡಿಸ್ಕ್ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪರದೆ ನಿಲ್ಲುವುದು ಆಗಲೇ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ‘ಮಳೆ ಫೈಲ್ ತೆರೆದರೆ’ ಅನ್ನುವ ಮಾತು. ಎಲ್ಲವೂ ಒಂದೇ ಸಮ ನಿಧಾನ ಆದರೆ ಕಾರಣ ಬೇರೆ ಇರಬಹುದು. ಒಂದೇ ಜಾಗದಲ್ಲಿ ಸಿಕ್ಕಿಕೊಂಡು, ಜೊತೆಗೆ ಸದ್ದೂ ಬಂದರೆ ನನ್ನ ಅನುಮಾನ ಡಿಸ್ಕಿನ ಮೇಲೆಯೇ. ವೈರಸ್ಸಿನಿಂದ ಟಕ್ ಟಕ್ ಸದ್ದು ಬರುವುದಿಲ್ಲ ಅಂತ ರೈಟರಿಗೆ ಹೇಳಿ.

ಕಾಪಿ ಮುಗಿದ ಮೇಲೆ ಖಚಿತ ಮಾಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಡಿಸ್ಕ್ ನೋಡಿ. 100% ಅಂತ ಇದ್ದು, ಓದುವ ವೇಗ ಮಾತ್ರ ಸೊನ್ನೆಯ ಹತ್ತಿರ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಆದರೆ ಡಿಸ್ಕ್ ಒದ್ದಾಡುತ್ತಿದೆ. ಅದೇ 100% ಇದ್ದು ವೇಗವೂ ಚೆನ್ನಾಗಿದ್ದು, ಮೆಮೊರಿ ತುಂಬಿ ತುಳುಕುತ್ತಿದ್ದರೆ ಕೊರತೆ ರ‍್ಯಾಮಿನದು. 4 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ 10 ಓಡಿಸುವವರು ಇದನ್ನು ದಿನಾ ನೋಡುತ್ತಾರೆ.

ಇನ್ನೊಂದು ದಾರಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ಇದು ತೋರಿಸುತ್ತದೆ. 05 ಅನ್ನುವ ಸಾಲು ಕೆಟ್ಟು ಬದಲಾಯಿಸಿದ ಜಾಗಗಳದ್ದು. ಸಿ5 ಅಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಜಾಗಗಳು. ಸಿ6 ಅಂದರೆ ಸರಿಪಡಿಸಲು ಆಗದವು. ಕೊನೆಯ ಕಾಲಂನಲ್ಲಿ ಈ ಮೂರೂ ಸೊನ್ನೆ ಇರಬೇಕು. ಇಲ್ಲದಿದ್ದರೆ, ಅದರಲ್ಲೂ ವಾರ ವಾರ ಏರುತ್ತಿದ್ದರೆ, ಆ ಡಿಸ್ಕಿನಲ್ಲಿ ಲೆಕ್ಕ ಇಡಬೇಡಿ.

ಸಿ7 ಮಾತ್ರ ಏರುತ್ತಿದ್ದರೆ ಖುಷಿಪಡಿ. ಅದು ಹೆಚ್ಚಾಗಿ ಕೇಬಲ್ ದೋಷ. ಕಕ್ಕಡ (ಆಟಿ) ತಿಂಗಳ ಮಳೆಯಲ್ಲಿ ನನ್ನ ಅಂಗಡಿಗೆ ಬರುವ ಕಂಪ್ಯೂಟರುಗಳಲ್ಲಿ ಇದು ಜಾಸ್ತಿ. ಮೊನ್ನೆ ಒಂದರಲ್ಲಿ ಡಿಸ್ಕಿಗೆ ಹೋಗುವ ಸಾಟಾ ಕೇಬಲ್ ಕಿತ್ತೆ. ಹೊಳೆಯಬೇಕಾದ ಹಳದಿ ಹಲ್ಲುಗಳ ಮೇಲೆ ಹಸಿರು ಕಿಲುಬು, ಪಕ್ಕದಲ್ಲೇ ಹಲ್ಲಿಯ ಹಿಕ್ಕೆ. ನೂರಿನ್ನೂರು ರೂಪಾಯಿಯ ಹೊಸ ಕೇಬಲ್ ಹಾಕಿದ ಮೇಲೆ ಸಂಖ್ಯೆ ಅಲ್ಲಿಗೇ ನಿಂತಿತು. ಹಳೆಯ ಸಂಖ್ಯೆ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಆದರೆ ಸಾಫ್ಟ್‌ವೇರ್ ‘ಗುಡ್’ ಅಂದಿತು ಅಂತ ನಿಶ್ಚಿಂತೆಯಾಗಿ ಇರಬೇಡಿ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಡದೆಯೇ ಕೆಟ್ಟಿದ್ದವು.

ಹೊಸದಾಗಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಹಾಕಿಸಿ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ನಡುವಿನ ಹೊತ್ತಿಗೆ ಒಂದು ಯುಪಿಎಸ್ ಇರಲಿ. ಮಳೆ ಲೆಕ್ಕ ಎರಡು ಕಡೆ ಇರಬೇಕು, ಎರಡೂ ಒಂದೇ ಮನೆಯಲ್ಲಿ ಅಲ್ಲ. ಮಗ ಹುತ್ತರಿ ಹಬ್ಬಕ್ಕೆ ಬರುತ್ತಾರೆ ಅಲ್ವಾ? ಹೋಗುವಾಗ ಒಂದು ಪೆನ್‌ಡ್ರೈವ್ ಅವರ ಕೈಯಲ್ಲಿ ಕಳಿಸಿ. ಕೈಲ್ ಮುಹೂರ್ತದ ಹಬ್ಬಕ್ಕೆ ಬಂದಾಗ ಹೊಸ ಲೆಕ್ಕ ತುಂಬಿಸಿ ಕೊಡಿ.

ಪ್ರಶ್ನೆ: ಹಾರ್ಡ್ ಡಿಸ್ಕ್ ಪೂರ್ತಿ ಸತ್ತಿದೆ, ಟಕ್ ಟಕ್ ಅನ್ನುತ್ತದೆ ಅಷ್ಟೆ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಓದುತ್ತದೆ ಅಂತ ಗೆಳೆಯ ಹೇಳಿದ. ನಿಜವೇ? (ಗೋಣಿಕೊಪ್ಪಲಿನ ಓದುಗರು)

ಉತ್ತರ: ಬೇಡ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ನಮ್ಮ ಮಳೆಗಾಲದಲ್ಲಿ ಎರಡೇ ನಿಮಿಷಕ್ಕೆ ಹೇಗೆ ಬೆವರುತ್ತದೆ ನೋಡಿದ್ದೀರಿ. ಡಿಸ್ಕೂ ಹಾಗೇ ಬೆವರುತ್ತದೆ. ಸಾಮಾನ್ಯ ಡಿಸ್ಕಿನಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಅದರ ಫಿಲ್ಟರ್ ಧೂಳು ತಡೆಯುತ್ತದೆ, ತೇವವನ್ನು ಪೂರ್ತಿ ತಡೆಯುವುದಿಲ್ಲ. ತಟ್ಟೆಯ ಮೇಲೆ ನೀರ ಹನಿ ಕೂತು, ಹೆಡ್ ಅದರ ಮೇಲೆ ಹಾಯ್ದರೆ ಉಳಿದದ್ದೂ ಹೋಗುತ್ತದೆ. ಮುಚ್ಚಳ ಬಿಚ್ಚಿ ನೋಡುವುದೂ ಬೇಡ. ಫೈಲುಗಳು ಬೇಕೇ ಬೇಕು ಅಂದರೆ ಇನ್ನು ಆನ್ ಮಾಡದೆ, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಡೇಟಾ ರಿಕವರಿಯವರಿಗೆ ಕಳಿಸಿ. ಖರ್ಚು ದೊಡ್ಡದು, ಮೊದಲೇ ಕೇಳಿಕೊಳ್ಳಿ. ಈಗಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟಿದ್ದರೆ ಆ ಕವರ್ ಬಿಚ್ಚದೆ ಹೊರಗೆ ತೆಗೆದಿಡಿ. ಕವರಿನೊಳಗೇ ಪೂರ್ತಿ ಒಂದು ದಿನ ಇರಲಿ. ಅಲ್ಲಿಯವರೆಗೆ ಯಾವ ಕೇಬಲ್ಲನ್ನೂ ಚುಚ್ಚಬೇಡಿ.