ಆರೋಗ್ಯ ಪ್ರಶ್ನೋತ್ತರ: ‘ಒಳ್ಳೆಯ’ ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಸಾಕೇ?

ಪ್ರಶ್ನೆ: ನನಗೆ 48 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈ ಸಲದ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 62, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 130, ಎಲ್‌ಡಿಎಲ್ 140. ಕೆಳಗೆ ‘ಅನುಪಾತ 3.7, ನಾರ್ಮಲ್’ ಎಂದಿದೆ. ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, ಇಷ್ಟಿರುವಾಗ ಚಿಂತೆ ಯಾಕೆ ಎಂದು ಯಜಮಾನರು ಹೇಳುತ್ತಾರೆ. ಹೌದೇ?
— ಓದುಗಿ, ಡೊಂಬಿವಲಿ

ಉತ್ತರ: ಇಲ್ಲ, ಈ 140 ನಿಮಗೆ ಹೆಚ್ಚೇ. ಯಕೃತ್ತಿನಿಂದ ಕೊಲೆಸ್ಟ್ರಾಲ್ ಹೊತ್ತು ಹೊರಡುವ ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಹೆಚ್ಚಾದಷ್ಟೂ ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಅಲ್ಲಿ ಗಡ್ಡೆಯಂತೆ ಕಟ್ಟಿಕೊಳ್ಳುತ್ತದೆ. ಒಂದು ದಿನ ಅದು ಬಿರಿದು, ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಎಚ್‌ಡಿಎಲ್ ಉಳಿದದ್ದನ್ನು ಯಕೃತ್ತಿಗೆ ವಾಪಸು ಒಯ್ಯುತ್ತದೆ ಎನ್ನುವುದು ನಿಜ. ಆದರೆ ಅದು ಜಾಸ್ತಿ ಇದ್ದ ಮಾತ್ರಕ್ಕೆ ಎಲ್‌ಡಿಎಲ್‌ನ ಹಾನಿ ವಜಾ ಆಗುವುದಿಲ್ಲ. ಎಚ್‌ಡಿಎಲ್ ಏರಿಸಲೆಂದೇ ಮಾಡಿದ ಟಾರ್ಸೆಟ್ರಾಪಿಬ್ ಎಂಬ ಔಷಧ ಅದನ್ನು ಚೆನ್ನಾಗಿಯೇ ಏರಿಸಿತು, ಆದರೂ ತೆಗೆದುಕೊಂಡವರಲ್ಲಿ ಸಾವು ಹೆಚ್ಚಾದ್ದರಿಂದ 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆಯಿದ್ದರೆ ಅದು ಎಚ್ಚರಿಕೆಯ ಗುರುತು. ಅದಕ್ಕಿಂತ ಮೇಲಿದ್ದರೆ ಸಂತೋಷ, ಅಷ್ಟೇ. ಒಟ್ಟು ಕೊಲೆಸ್ಟ್ರಾಲನ್ನು ಎಚ್‌ಡಿಎಲ್‌ನಿಂದ ಭಾಗಿಸಿದ ಆ ‘ಅನುಪಾತ’ದ ಸಾಲನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಲ್ಯಾಬಿನವರು ಅಚ್ಚು ಹಾಕಿಸುವ ‘ನಾರ್ಮಲ್’ ಎಲ್ಲರಿಗೂ ಒಂದೇ. ಚಿಕಿತ್ಸೆಯ ಗುರಿ ಹಾಗಲ್ಲ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ 2024ರ ಮಾರ್ಗಸೂಚಿಯಂತೆ ಅಪಾಯ ಕಡಿಮೆ ಇರುವವರಿಗೆ ಎಲ್‌ಡಿಎಲ್ 100ರ ಒಳಗೆ, ಮಧುಮೇಹಿಗಳಂಥ ಹೆಚ್ಚಿನ ಅಪಾಯದವರಿಗೆ 70ರ ಒಳಗೆ ಇರಬೇಕು. ನಿಮ್ಮದು ಅರ್ಧಕ್ಕೆ ಇಳಿಯಬೇಕು. ಪಥ್ಯದಿಂದ ಸಾಮಾನ್ಯವಾಗಿ ಇಳಿಯುವುದು ನೂರಕ್ಕೆ 10–15 ಮಾತ್ರ. ಹಾಗಾಗಿ ವೈದ್ಯರು ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರೆ ಬೇಡವೆನ್ನಬೇಡಿ. ಅದಕ್ಕೆ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕುಂದಿದರೂ ಎಲ್‌ಡಿಎಲ್ ಏರುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಏರುತ್ತದೆ. ಮಾತ್ರೆ ಶುರುವಾದ 4ರಿಂದ 12 ವಾರದೊಳಗೆ ಮತ್ತೊಮ್ಮೆ ರಕ್ತ ಕೊಡಿ.

ಪ್ರಶ್ನೆ: ವಯಸ್ಸು 41, ಶುದ್ಧ ಸಸ್ಯಾಹಾರಿ. ಮನೆಗೆ ‘ಕೊಲೆಸ್ಟ್ರಾಲ್ ಇಲ್ಲದ’ ಎಣ್ಣೆಯನ್ನೇ ತರುತ್ತೇವೆ. ಆದರೂ ಒಟ್ಟು 236, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 420 ಬಂದಿದೆ. ಎಲ್‌ಡಿಎಲ್ ಎದುರು ಬರೀ ಗೀಟು. ಲ್ಯಾಬಿನ ತಪ್ಪೇ?
— ಓದುಗ, ಪುಣೆ

ಉತ್ತರ: ತಪ್ಪಲ್ಲ. ಹೆಚ್ಚಿನ ಲ್ಯಾಬುಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ 1972ರ ಈ ಸೂತ್ರ ಕೈಕೊಡುತ್ತದೆ, ಅದಕ್ಕೇ ಗೀಟು. ಆಗ ‘ಡೈರೆಕ್ಟ್ ಎಲ್‌ಡಿಎಲ್’ ಕೇಳಬಹುದು. ಅದಿಲ್ಲದೆಯೂ ಒಂದು ಲೆಕ್ಕ ನಿಮ್ಮ ಕೈಯಲ್ಲೇ ಇದೆ. 236ರಲ್ಲಿ 34 ಕಳೆಯಿರಿ, 202. ಎಚ್‌ಡಿಎಲ್ ಬಿಟ್ಟು ಉಳಿದ ಎಲ್ಲ ಹಾನಿಕರ ಕಣಗಳ ಕೊಲೆಸ್ಟ್ರಾಲ್ ಇದು. ಇದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಹೆಚ್ಚು, ಎಂದರೆ ಅಪಾಯ ಕಡಿಮೆ ಇರುವವರಿಗೂ 130ರ ಒಳಗೆ. ಉಪವಾಸ ಇದ್ದರೂ ಬಿಟ್ಟರೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ.

ಇನ್ನು ಎಣ್ಣೆ. ಕಡಲೆಕಾಯಿ, ಸೂರ್ಯಕಾಂತಿ, ಕುಸುಬೆ, ತೆಂಗು, ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಎಂದೂ ಇರಲಿಲ್ಲ. ಬಾಟಲಿಯ ಮೇಲೆ ಅದನ್ನು ದಪ್ಪಕ್ಷರದಲ್ಲಿ ಹಾಕುವುದು ವ್ಯಾಪಾರ. ನೀವು ಓದಬೇಕಾದ್ದು ಹಿಂದಿನ ಸಣ್ಣ ಅಕ್ಷರದ ‘ಸ್ಯಾಚುರೇಟೆಡ್ ಕೊಬ್ಬು’ ಸಾಲು. ಎಲ್‌ಡಿಎಲ್ ಏರಿಸುವುದು ಅದೇ.

ಟ್ರೈಗ್ಲಿಸರೈಡಿನ ದಾರಿ ಬೇರೆ. ಸಕ್ಕರೆ, ಪಿಷ್ಟ, ಮದ್ಯ ಹೆಚ್ಚಾದಾಗ ಯಕೃತ್ತು ಅವನ್ನು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಸಲವಾದರೆ ಸುಮಾರು 50 ಗ್ರಾಂ ಸಕ್ಕರೆ. ಏಕಾದಶಿಗೆಂದು ತಿನ್ನುವ ಸಾಬೂದಾಣಾ ಖಿಚಡಿ ಹೆಚ್ಚುಕಡಿಮೆ ಬರೀ ಪಿಷ್ಟ, ದೇವರಿಗೆ ಉಪವಾಸ ಅನ್ನಿಸಿದರೂ ಯಕೃತ್ತಿಗೆ ಅಲ್ಲ. ಮೂರು ದಿನ ಮದ್ಯ ಮುಟ್ಟದೆ, ಹಿಂದಿನ ರಾತ್ರಿ ಬೇಗ ಹಗುರಾಗಿ ಉಂಡು, 12 ತಾಸು ಬರೀ ನೀರು ಕುಡಿದು ಪರೀಕ್ಷೆ ಮರುಮಾಡಿಸಿ. ಜತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಥೈರಾಯ್ಡ್ ಕೂಡ. ಎಷ್ಟೋ ಜನರ ಮಧುಮೇಹ ಮೊದಲು ಗೊತ್ತಾಗುವುದು ಹೀಗೆಯೇ. ತೂಕ ನೂರಕ್ಕೆ 5–10ರಷ್ಟು ಇಳಿದರೆ ಟ್ರೈಗ್ಲಿಸರೈಡ್ ನೂರಕ್ಕೆ ಸುಮಾರು 20ರಷ್ಟು ಇಳಿಯುತ್ತದೆ. 500 ದಾಟಿದರೆ ಮಾತ್ರ ಕಾಯಬೇಡಿ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಅಲ್ಲಿಂದ ಏರುತ್ತಾ ಹೋಗುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಅಟೊರ್ವಾಸ್ಟ್ಯಾಟಿನ್ 40 ತೆಗೆದುಕೊಳ್ಳುತ್ತೇನೆ. ಎಲ್‌ಡಿಎಲ್ 62ಕ್ಕೆ ಬಂದಿದೆ. ಕಾಲುನೋವೂ ಇದೆ. ಮಾತ್ರೆ ಬಿಡಬಹುದೇ? ಸಿಗಡಿ, ತೆಂಗಿನಕಾಯಿ?
— ಓದುಗ, ವಾಸ್ಕೋ

ಉತ್ತರ: 62ಕ್ಕೆ ತಂದದ್ದೇ ಮಾತ್ರೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿಗೆ ಹಿಂತಿರುಗುತ್ತದೆ. ಹೃದಯಾಘಾತ ಆದವರ ಗುರಿ 55ರ ಒಳಗೆ, ಅಂದರೆ ಇನ್ನೂ ಸ್ವಲ್ಪ ಇಳಿಯಬೇಕು. ಸ್ಟ್ಯಾಟಿನ್ ಪ್ರಮಾಣ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಮತ್ತೆ ಇಳಿಯುವುದು ನೂರಕ್ಕೆ ಆರರಷ್ಟೇ. ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಎಜೆಟಿಮೈಬ್ ಮಾತ್ರೆ 10 ಮಿಗ್ರಾಂ ಸೇರಿಸಿದರೆ ನೂರಕ್ಕೆ ಸುಮಾರು 20. ವೈದ್ಯರಲ್ಲಿ ಇದನ್ನು ಕೇಳಿ.

ಕಾಲುನೋವು ಎಲ್ಲಿ, ಯಾವಾಗ ಎಂದು ಗಮನಿಸಿ. ಎರಡೂ ತೊಡೆಗಳಲ್ಲಿ ಸಮನಾಗಿ, ಮಾತ್ರೆ ಶುರುವಾದ ಕೆಲ ವಾರಗಳಲ್ಲೇ ಬಂದಿದ್ದರೆ ಸ್ಟ್ಯಾಟಿನ್ನಿನದಿರಬಹುದು. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿ. ಪ್ರಮಾಣ ಇಳಿಸಿ ಅಥವಾ ಬೇರೆ ಸ್ಟ್ಯಾಟಿನ್ ಕೊಟ್ಟು ನೋಡುತ್ತಾರೆ. ಮೂತ್ರ ಕಡುಗಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವಾದರೆ ಕಾಲಿನ ರಕ್ತನಾಳವೇ ಕಟ್ಟಿಕೊಂಡಿರಬಹುದು. ಆಗ ಮಾತ್ರೆ ಬಿಡುವುದು ತೀರಾ ತಪ್ಪು.

ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ಸ್ಯಾಚುರೇಟೆಡ್ ಕೊಬ್ಬು ತೀರಾ ಕಡಿಮೆ. ವಾರಕ್ಕೊಮ್ಮೆ ಗಸಿ ಮಾಡಿ ತಿಂದರೆ ತೊಂದರೆಯಿಲ್ಲ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಲೆಕ್ಕ ಬೇರೆ. ಬಂಗುಡೆ ಧಾರಾಳವಾಗಿ ತಿನ್ನಿ. ತೆಂಗಿನಕಾಯಿಯಲ್ಲೂ ಕೊಲೆಸ್ಟ್ರಾಲ್ ಇಲ್ಲ, ಆದರೆ 100 ಗ್ರಾಂ ಹಸಿಕಾಯಿಯಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ನಿಮ್ಮಂಥವರಿಗೆ ದಿನದ ಮಿತಿಯೇ ಸುಮಾರು 13 ಗ್ರಾಂ. ಹಾಗಾಗಿ ಸಾರಿಗೆ, ಪಲ್ಯಕ್ಕೆ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 20 ಗ್ರಾಂ ತುರಿ ಸಾಕು. ಒಗ್ಗರಣೆಗೆ ಕೊಬ್ಬರಿ ಎಣ್ಣೆ ಬೇಡ.

ಪ್ರಶ್ನೆ: ಮಸ್ಕತ್ತಿನಿಂದ ಮಗ ಕಳಿಸಿದ ರಿಪೋರ್ಟಿನಲ್ಲಿ ಎಲ್‌ಡಿಎಲ್ 3.4, ಟ್ರೈಗ್ಲಿಸರೈಡ್ 2.1 ಎಂದಿದೆ. ಇಷ್ಟು ಕಡಿಮೆ ಇರಬಹುದೇ?
— ಓದುಗಿ, ಮುಲುಂಡ್

ಉತ್ತರ: ಅಲ್ಲಿನ ಅಳತೆ ಲೀಟರಿಗೆ ಮಿಲಿಮೋಲ್, ನಮ್ಮ ಲ್ಯಾಬುಗಳದು ಡೆಸಿಲೀಟರಿಗೆ ಮಿಲಿಗ್ರಾಂ. ಕೊಲೆಸ್ಟ್ರಾಲನ್ನು 38.67ರಿಂದ, ಟ್ರೈಗ್ಲಿಸರೈಡನ್ನು 88.57ರಿಂದ ಗುಣಿಸಿ. ಎಲ್‌ಡಿಎಲ್ 131, ಟ್ರೈಗ್ಲಿಸರೈಡ್ 186 ಆಯಿತು. ಎರಡೂ ಹೆಚ್ಚೇ.